ಕುಡಿಯದೆ ಕೆಳಗಿಟ್ಟ ಗಾವಾ

ಉಮ್ಮಿಯ ಬೆರಳ ತುದಿಗಳು ಯಾವಾಗಲೂ ನೀಲಿಯಾಗಿರುತ್ತಿದ್ದವು. ಇಲ್ಲಿ ಅಬುಧಾಬಿಯ ಮರುಭೂಮಿಯ ಹಳೇ ತಲೆಮಾರಿನ ಹೆಂಗಸರು ಮುಖಕ್ಕೆ ಕಟ್ಟಿಕೊಳ್ಳುವ ಹೊಳೆಯುವ ಮುಸುಕಿಗೆ ನೀಲಿ ಬಣ್ಣ ಹಾಕಿರುತ್ತಾರೆ. ಮಾತಿನ ನಡುವೆ ಅದನ್ನು ಮತ್ತೆ ಮತ್ತೆ ಸರಿಮಾಡಿಕೊಳ್ಳುವುದು ಅವರ ಅಭ್ಯಾಸ. ಆ ಬಣ್ಣ ಮುಸುಕಿನಿಂದ ಬೆರಳಿಗೆ, ಬೆರಳಿನಿಂದ ಗಾವಾ ಎಂಬ ಅರಬ್ಬಿ ಕಾಫಿಯ ಕಪ್ಪಿಗೆ, ಕಪ್ಪಿನಿಂದ ನನ್ನ ಬಿಳಿ ಅಂಗಿಗೆ ಬರುತ್ತಿತ್ತು. ಸಂಜೆ ಅಂಗಿ ನೋಡಿದ ಕೂಡಲೇ ನನ್ನ ಹೆಂಡತಿಗೆ ನಾನು ಎಲ್ಲಿಗೆ ಹೋಗಿದ್ದೆನೆಂದು ಗೊತ್ತಾಗುತ್ತಿತ್ತು.

ಉಮ್ಮಿ ಎಂದರೆ ಅಮ್ಮ. ಭಟ್ಕಳದಲ್ಲಿರುವ ನನ್ನ ಹೆತ್ತವ್ವನನ್ನು ಬಿಟ್ಟರೆ ನಾನು ಅಮ್ಮ ಎಂದು ಕರೆದದ್ದು ಇವರೊಬ್ಬರನ್ನೇ. ಅವರು ನನ್ನನ್ನು ಕರೆಯುತ್ತಿದ್ದದ್ದು ‘ಟಾಂಕಿ’ ಎಂದು. ಬನಿಯಾಸ್‌ನಲ್ಲಿ ನನ್ನದು ನೀರಿನ ಟಾಂಕಿ, ಪಂಪು, ಪೈಪುಗಳ ಅಂಗಡಿ. ಹಾಗಾಗಿ ಆ ಹೆಸರಿಗೆ ನಾನು ತಕರಾರು ಮಾಡುವಂತಿರಲಿಲ್ಲ. ಅವರದು ಬದು ಎಂಬ ಮರುಭೂಮಿಯ ಅಲೆಮಾರಿ ಜನರ ಅರಬ್ಬಿ. ನನ್ನ ತಲೆಯೊಳಗೆ ಮಾತ್ರ ಅದು ನಮ್ಮ ಕರಾವಳಿಯ ಕನ್ನಡವಾಗಿಯೇ ಉಳಿದಿದೆ; ಹಾಗೆಯೇ ಬರೆಯುತ್ತೇನೆ.

ಡಾಂಬರು ರಸ್ತೆ ಬಿಟ್ಟು ಮರಳಿಗೆ ಇಳಿದು ಬಹಳ ದೂರ ಹೋದ ಮೇಲೆ ಅವರ ಇಜ್ಬಾ ಸಿಗುತ್ತಿತ್ತು. ಇಜ್ಬಾ ಎಂದರೆ ಒಂಟೆ, ಆಡು ಸಾಕುವ ದೊಡ್ಡಿ. ಸುತ್ತ ಅವರ ನೆಂಟರ ಇಜ್ಬಾಗಳು, ನಡುವೆ ಅವರ ಗಂಡ ತೋಡಿದ ಬಾವಿ. ಗಂಡ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಮೊಹಮ್ಮದ್ ಬಿನ್ ಜಾಯೆದ್ ಸಿಟಿ ಎಂಬ ಬಡಾವಣೆಯಲ್ಲಿ ಮಗ ದೊಡ್ಡ ಮನೆ ಕಟ್ಟಿ ಕರೆದರೂ ಉಮ್ಮಿ ಬಾವಿ ಬಿಟ್ಟು ಕದಲಲಿಲ್ಲ. ಬಂದವರಿಗೆ ಮೊದಲು ಆ ಬಾವಿಯ ನೀರು, ಆಮೇಲೆ ಖರ್ಜೂರ, ಆಮೇಲೆ ಗಾವಾ. ನೀರು ಕುಡಿದು ಮುಗಿಸುವವರೆಗೂ ಎದುರೇ ನಿಂತು ನೋಡುತ್ತಿದ್ದರು. ಹೇಗಿದೆ ಎಂದು ಕೇಳಿದರೆ ಇಂಥ ನೀರು ಜಗತ್ತಿನಲ್ಲೇ ಇಲ್ಲ ಎನ್ನಬೇಕು. ನನಗೆ ಬಾಯಿ ಸುಮ್ಮನಿರುವುದಿಲ್ಲ. ಮೊದಲ ದಿನವೇ “ಸ್ವಲ್ಪ ಉಪ್ಪು” ಎಂದುಬಿಟ್ಟೆ. ಅವತ್ತು ನನಗೆ ಖರ್ಜೂರ ಸಿಗಲಿಲ್ಲ.

ಆದರೂ ನಮ್ಮಿಬ್ಬರಿಗೆ ಹೊಂದಿಕೆಯಾಯಿತು. ಇಬ್ಬರಿಗೂ ಮೂಗಿನ ತುದಿಯಲ್ಲೇ ಸಿಟ್ಟು. ಪಂಪು ರಿಪೇರಿಗೆ ಹೋದರೆ ಅರ್ಧ ದಿನ ಹರಟೆ. ತಮ್ಮ ಮದುವೆಯ ಕಥೆ ಹೇಳಿದ್ದೂ ಹಾಗೊಂದು ದಿನ. ಮಾವನಾಗುವವರು ಇವರ ತಂದೆಯ ಡೇರೆಗೆ ಬಂದು, ಕೊಟ್ಟ ಗಾವಾವನ್ನು ಕುಡಿಯದೆ ಕೆಳಗಿಟ್ಟರಂತೆ. ಅತಿಥಿ ಹಾಗೆ ಮಾಡಿದರೆ ಅವನಿಗೆ ಏನೋ ಕೇಳುವುದಿದೆ ಎಂದರ್ಥ. ‘ಕುಡಿ, ನೀನು ಕೇಳಿದ್ದು ಆಯಿತು’ ಎಂದು ಮನೆಯವರು ಹೇಳುವ ತನಕ ಅವನು ಕಪ್ ಮುಟ್ಟುವುದಿಲ್ಲ. ಹೇಳಿದ ಮೇಲೆ ಆ ಮಾತು ತಪ್ಪುವಂತಿಲ್ಲ. ಹಾಗೆ ಆರಿಹೋದ ಒಂದು ಕಪ್ ಗಾವಾಕ್ಕೆ ತಮ್ಮ ಮದುವೆಯಾಯಿತೆಂದು ಉಮ್ಮಿ ಹೊಟ್ಟೆ ಹಿಡಿದು ನಕ್ಕಿದ್ದರು.

ಆಮೇಲೆ ಆ ದೊಡ್ಡ ಮಳೆ ಬಂತು. ದುಬೈ, ಅಬುಧಾಬಿಯ ರಸ್ತೆಗಳಲ್ಲೇ ಕಾರು ತೇಲಿದ ಮೇಲೆ ಇಜ್ಬಾದ ಗತಿ ಕೇಳಬೇಕೆ! ದೊಡ್ಡಿಯ ಗೊಬ್ಬರವೆಲ್ಲ ಕರಗಿ ಬಾವಿಗೆ ಇಳಿಯಿತು. ನೀರು ತಿಳಿಯಾದ ಮೇಲೆ ಉಮ್ಮಿ ಎಂದಿನಂತೆ ಕುಡಿದರು, ಕುಡಿಸಿದರು. ರಜೆಗೆ ಬಂದ ಮೊಮ್ಮಕ್ಕಳಿಗೆ ವಾಂತಿ, ಭೇದಿ ಶುರುವಾಯಿತು. ಎಲ್ಲರಿಗಿಂತ ಚಿಕ್ಕವಳಿಗೆ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಬೇಕಾಯಿತು. ನಾನು ನೀರು ಒಯ್ದು ಲ್ಯಾಬಿಗೆ ಕೊಟ್ಟೆ. ಕುಡಿಯಲು ಯೋಗ್ಯವಲ್ಲ ಎಂದರು. ಬಾವಿ ಖಾಲಿ ಮಾಡಿಸಿ ಔಷಧಿ ಹಾಕಿಸಿದೆ. ಮತ್ತೆ ಅದೇ ಉತ್ತರ ಬಂತು.

ಉಮ್ಮಿ ನಂಬಲಿಲ್ಲ. ಮಗ ತಂದಿಟ್ಟ ಬಾಟಲಿ ನೀರನ್ನು ಕೋಳಿಗಳಿಗೆ ಹಾಕಿದರು. ನನಗೆ ಹೇಳಿದ್ದು ಇಷ್ಟೇ: “ಟಾಂಕಿ ಮಾರುವವನಿಗೆ ಬಾವಿಯಲ್ಲಿ ರೋಗ ಕಾಣದೆ ಮತ್ತೆಂತ ಕಾಣ್ತದೆ?”

ಆ ಮಾತು ನನಗೆ ಚುಚ್ಚಿತು. ಏನೇನೋ ಕೂಗಾಡಿ ಬಂದೆ. ಇನ್ನು ಆ ಕಡೆ ತಲೆ ಹಾಕುವುದಿಲ್ಲ ಎಂದು ಹೆಂಡತಿಯೆದುರು ಶಪಥವನ್ನೂ ಮಾಡಿದೆ. ಆದರೆ ಆ ಪುಟ್ಟ ಹುಡುಗಿ ಮತ್ತೆ ಆಸ್ಪತ್ರೆ ಸೇರಿದಳೆಂದು ಮಗನ ಫೋನು ಬಂದಾಗ ಶಪಥ ಎಲ್ಲಿಯದು? ಮರುದಿನ ಬೆಳಿಗ್ಗೆ ಗಾಡಿ ತೆಗೆದೆ.

ಉಮ್ಮಿ ಮುಖ ತಿರುಗಿಸಿಕೊಂಡರು. ಆದರೂ ಗಾವಾ ಕೊಟ್ಟರು. ಜಗಳವಾಗಿದೆಯೆಂದು ಮನೆಗೆ ಬಂದವನಿಗೆ ಗಾವಾ ಕೊಡದ ಜನ ಅವರಲ್ಲ. ಅದು ಚೆನ್ನಾಗಿ ಕುದಿಸಿದ್ದು, ನಿಶ್ಚಿಂತೆಯಿಂದ ಕುಡಿಯಬಹುದಿತ್ತು. ನಾನು ಕಪ್ ಕೆಳಗಿಟ್ಟು ಕೈಕಟ್ಟಿ ಕುಳಿತೆ.

ಅವರು ಕಪ್ ನೋಡಿದರು, ನನ್ನನ್ನು ನೋಡಿದರು. “ಎಂತ, ನನ್ನನ್ನು ಹೆಣ್ಣು ಕೇಳ್ಲಿಕ್ಕೆ ಬಂದದ್ದಾ? ನನಗೆ ಹಲ್ಲೇ ಇಲ್ಲ ಮಾರಾಯ.”

ನಾನು ನಗಲಿಲ್ಲ. ಗಾವಾ ಆರುತ್ತಿತ್ತು. ಅವರು ಮುಸುಕು ಸರಿಮಾಡಿದರು, ಮತ್ತೆ ಸರಿಮಾಡಿದರು. ಬಹಳ ಹೊತ್ತು ಬಾವಿಯ ಕಡೆಗೇ ನೋಡುತ್ತಿದ್ದರು. ನಾನು ಏನು ಕೇಳುತ್ತೇನೆಂದು ಅವರಿಗೆ ಗೊತ್ತಿತ್ತು; ಅವರ ಗಂಡನ ಕೈಕೆಲಸವಾಗಿ ಭೂಮಿಯ ಮೇಲೆ ಉಳಿದಿದ್ದದ್ದು ಅದೊಂದೇ ಎಂದು ನನಗೂ ಗೊತ್ತಿತ್ತು. ಎದ್ದು ಹೋಗಿಬಿಡಲೇ ಅನ್ನಿಸಿತು.

“ಖಲಾಸ್. ಕುಡಿ,” ಎಂದರು ಕೊನೆಗೆ. “ಬಾವಿಗೆ ಮುಚ್ಚಳ ಹಾಕಿ ಬೀಗ ಹಾಕು. ಆದರೆ ನಿನ್ನ ಟಾಂಕಿ ನನಗೆ ಬೇಡ.”

ನಿಜವಾಗಿಯೂ ನನ್ನ ಎದುರಿನ ಅಂಗಡಿಯಿಂದಲೇ ಟಾಂಕಿ ತರಿಸಿದರು! ಅದನ್ನು ತೊಳೆಸಲು ಮಾತ್ರ ನನಗೇ ಫೋನು. ಉಮ್ಮಿ ಬಾವಿ ಮುಚ್ಚಿದ್ದನ್ನು ಕಂಡು ನೆಂಟರೂ ಟ್ಯಾಂಕರ್ ನೀರಿಗೆ ಬದಲಾದರು. ಮಕ್ಕಳು ಚೇತರಿಸಿಕೊಂಡರು. ನಾನು ಹೋದಾಗಲೆಲ್ಲ ಈ ನೀರಿಗೆ ರುಚಿಯೇ ಇಲ್ಲ, ಥೇಟ್ ನಿನ್ನ ಹಾಗೆ ಎಂದು ಬೈಯುತ್ತಿದ್ದರು. ಬಾವಿಯ ನೀರನ್ನು ಮಾತ್ರ ಬಾಯಿಗೆ ಮುಟ್ಟಿಸಲಿಲ್ಲ.

ಈ ವರ್ಷ ಕಾಯಿಲೆ ಬಿದ್ದು ಮಗನ ಮನೆಗೆ ಬರಲೇಬೇಕಾಯಿತು. ನೋಡಲು ಹೋದೆ. ಮಂಚದ ಮೇಲೆ ಹಿಡಿಯಷ್ಟಾಗಿದ್ದರು. ಸೊಸೆ ನೀರು ತಂದುಕೊಟ್ಟಳು. ಉಮ್ಮಿ ಲೋಟ ತೆಗೆದುಕೊಂಡರು. ಕುಡಿಯದೆ ಪಕ್ಕಕ್ಕಿಟ್ಟು ನನ್ನ ಮುಖ ನೋಡಿದರು. ಲೋಟದ ಮೇಲೆ ನೀಲಿ ಗುರುತು.

“ಕುಡೀರಿ ಉಮ್ಮಿ, ನೀವು ಕೇಳಿದ್ದು ಆಯ್ತು,” ಎಂದೆ.

ಅವರಿಗೆ ಬೇಕಿದ್ದದ್ದು ಆ ಬಾವಿಯ ಒಂದು ಗುಟುಕು. ಮಗ ಡಾಕ್ಟರಿಗೆ ಫೋನು ಮಾಡಿದ. ಚೆನ್ನಾಗಿ ಕುದಿಸಿ ಸ್ವಲ್ಪ ಕೊಡಬಹುದು ಎಂದರು. ನಾನೇ ಇಜ್ಬಾಗೆ ಹೋಗಿ ಬೀಗ ತೆಗೆದು ನೀರು ಸೇದಿದೆ. ಸೋಸಿ, ಕುದಿಸಿ, ಆರಿಸಿ, ಫ್ಲಾಸ್ಕಿನಲ್ಲಿ ತಂದೆ. ತಲೆಯೆತ್ತಿ ಹಿಡಿದು ಕುಡಿಸಿದೆ. ಅವರು ಬಂದವರನ್ನು ನೋಡುತ್ತಿದ್ದ ಹಾಗೆಯೇ ಅವರನ್ನು ನೋಡುತ್ತಾ, ಹೇಗಿದೆ ಎಂದು ಕೇಳಿದೆ.

ಬಾಯೊಳಗೆ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿದರು.

“ಸ್ವಲ್ಪ ಉಪ್ಪು,” ಎಂದರು.

ಆ ವಾರವೇ ತೀರಿಕೊಂಡರು. ಸಂತಾಪ ಹೇಳಲು ಹೋದಾಗ ಅವರ ಮಗ ನನ್ನ ಕೈಗೆ ಗಾವಾ ಕೊಟ್ಟ. ಕಪ್ಪಿನ ಮೇಲೆ ನೀಲಿ ಗುರುತಿರಲಿಲ್ಲ. ಕೆಳಗಿಡೋಣವೆಂದು ಕೈ ಹೋಯಿತು. ಆದರೆ ನನಗೆ ಬೇಕಾದದ್ದನ್ನು ಕೊಡುವುದು ಅಲ್ಲಿ ಯಾರಿಂದಲೂ ಆಗುವಂತಿರಲಿಲ್ಲ. ಕುಡಿದೆ.