ಕೆಂಪು ದಾರ, ಬಿಳಿ ದಾರ

ನಮ್ಮ ಅತ್ತೆ ಇಪ್ಪತ್ತೆಂಟು ವರ್ಷ ನಿಘಂಟು ಕಚೇರಿಯಲ್ಲಿ ಪದಗಳ ಚೀಟಿ ಬರೆದವರು. ಅಲ್ಲಿ ಎಲ್ಲರಿಗೂ ಅವರು ‘ಚೀಟಿ ಅಕ್ಕ’. ನಾನು ಸೊಸೆಯಾಗಿ ಬಂದ ಹೊಸದರಲ್ಲಿ, ಬಟ್ಟೆ ಮಡಿಸುತ್ತಾ ಕೇಳಿದ್ದರು:

“ಆನೆಗೆ ಕರಿ ಅಂತ ಯಾಕಂತಾರೆ, ಹೇಳು?”

“ಕಪ್ಪಗಿದೆಯಲ್ಲ ಅತ್ತೆ, ಅದಕ್ಕೆ.”

“ಜಾರಿದೆ ನೋಡು! ಕಪ್ಪು ಅನ್ನೋ ಕರಿ ನಮ್ಮ ಮನೆಮಾತು. ಆನೆ ಅನ್ನೋ ಕರಿ ಸಂಸ್ಕೃತದಿಂದ ಬಂದ ನೆಂಟ. ಅಲ್ಲಿ ಕರ ಅಂದ್ರೆ ಕೈ, ಆನೆಗೆ ಸೊಂಡಿಲೇ ಕೈ. ಒಂದೇ ಅಂಗಿ ತೊಟ್ಟ ಮಾತ್ರಕ್ಕೆ ಅಣ್ಣತಮ್ಮಂದಿರಾಗ್ತಾರಾ?”

ಅವರದೊಂದು ಪದ್ಧತಿಯಿತ್ತು. ಮೂಲ ಬೇರೆಯಾದರೆ ಚೀಟಿಗಳ ಕಟ್ಟೂ ಬೇರೆ. ಮನೆಮಾತಿಗೆ ಬಿಳಿ ದಾರ, ಹೊರಗಿನಿಂದ ಬಂದದ್ದಕ್ಕೆ ಕೆಂಪು. ಚೀಟಿಯ ಮೇಲೆ ಮೂಲ ಬರೆಯುತ್ತಿರಲಿಲ್ಲ, ದಾರವೇ ಗುರುತು. ನಿಘಂಟು ಅಚ್ಚಾದಾಗ ಮೊದಲ ಪುಟದಲ್ಲಿ ‘ಪದಮೂಲ’ ಎಂಬ ಸಾಲಿನ ಮುಂದೆ ತನ್ನ ಹೆಸರು ಬರಬೇಕು ಎನ್ನುವುದೊಂದೇ ಅವರ ಆಸೆ.

ನಿವೃತ್ತಿಗೆ ಮೂರು ತಿಂಗಳಿರುವಾಗ ಹೊಸ ಮೇಲಧಿಕಾರಿ ಬಂದರು. ಚೀಟಿಗಳೆಲ್ಲ ಸ್ಕ್ಯಾನ್ ಆಗಬೇಕು, ದಾರ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ, ಕತ್ತರಿಸಿ ಎಂದರು. ಚೀಟಿಯ ಮೂಲೆಗೆ ಮೂಲ ಬರೆಯಲು ಅತ್ತೆ ಆರು ವಾರ ಕೇಳಿದರು. ಮೂರು ದಿನ ಸಿಕ್ಕಿತು.

“ಮನೆಗೆ ತನ್ನಿ ಅತ್ತೆ. ಮಗು ಮಲಗಿದಾಗ ನಾನೂ ಬರೀತೀನಿ.”

“ಚೀಟಿ ಪೆಟ್ಟಿಗೆ ಕಚೇರಿ ಹೊಸ್ತಿಲು ದಾಟೋ ಹಾಗಿಲ್ವಂತೆ ಕಣಮ್ಮಾ.”

ಮೂರು ದಿನಕ್ಕೆ ‘ಅ’ ಕೂಡ ಮುಗಿಯಲಿಲ್ಲ. ಕತ್ತರಿಯನ್ನು ಅವರ ಕೈಗೇ ಕೊಟ್ಟರಂತೆ. ಜೊತೆಗೆ ಒಂದು ಮಾತು: “ಓದೋರಿಗೆ ಅರ್ಥ ಸಿಕ್ರೆ ಸಾಕು ಚೀಟಿ ಅಕ್ಕ. ಯಾರಿಗೆ ಹುಟ್ಟಿದ್ದು ಅಂತ ಯಾರು ಕೇಳ್ತಾರೆ?”

ನಿನ್ನೆ ನಿಘಂಟು ಮನೆಗೆ ಬಂತು. ಅತ್ತೆ ಕನ್ನಡಕ ಒರೆಸಿಕೊಂಡು ನೇರ ‘ಕ’ಗೆ ಹೋದರು. ಕರಿ: ಕಪ್ಪು, ಆನೆ, ಕಪ್ಪಗಿರುವುದರಿಂದ. ನನ್ನ ಅಂದಿನ ಪೆದ್ದು ಉತ್ತರವೇ! ಯಾರೋ ಊಹಿಸಿ ಸೇರಿಸಿದ್ದಾರೆ. ಮೊದಲ ಪುಟದಲ್ಲಿ ‘ಪದಮೂಲ’ದ ಮುಂದೆ ಅತ್ತೆಯ ಹೆಸರು, ದಪ್ಪಕ್ಷರದಲ್ಲಿ.

ಅವರು ಅಳಲಿಲ್ಲ. ನಾನು ಅತ್ತುಬಿಡುತ್ತೇನೇನೋ ಎಂದು ಅಡುಗೆಮನೆಗೆ ಹೋದೆ.

ಇವತ್ತು ಊಟದ ಹೊತ್ತಿಗೆ ಮಗಳಿಗೆ ಮೇಜು ಎಟಕಲಿಲ್ಲ. ದಿಂಬು ಹುಡುಕುತ್ತಿದ್ದೆ. ಅತ್ತೆ ನಿಘಂಟನ್ನು ತಂದು ಕುರ್ಚಿಯ ಮೇಲಿಟ್ಟರು.

“ಅಯ್ಯೋ, ನಿಮ್ಮ ಹೆಸರಿದೆ ಅದ್ರಲ್ಲಿ!”

“ಅದಕ್ಕೇ. ಯಾರೂ ತೆಗೆದು ನೋಡದೇ ಇರಲಿ. ಕೂರಿಸು, ಅನ್ನ ಆರಿಹೋಗುತ್ತೆ.”

ಕೂರಿಸಿದೆ. ಎತ್ತರ ಸರಿಹೋಯಿತು.