ಕಡಲು ಕಾಣದ ಜಗಲಿಗಳ ತಲೆಯೆಣಿಕೆ

‘ವಾರ್ಡಿನ ಇಪ್ಪತ್ತೇಳನೇ ಫಾರಂ ನಮ್ಮ ಮನೆಯದ್ದು. ಅಮ್ಮ ಹೇಳಿದ್ದನ್ನೇ ಬರೆದಿದ್ದೇನೆ. ಆದರೆ ಅಮ್ಮ ಹೇಳಿದ್ದು ನಿಜ ಅಲ್ಲ ಅಂತ ನನಗೆ ಗೊತ್ತುಂಟು. ಇದಕ್ಕೆ ತಪ್ಪು ಅಂತ ಹೇಳುವುದಾ, ಸುಳ್ಳು ಅಂತ ಹೇಳುವುದಾ?’

ಇಷ್ಟನ್ನು ಡೈರಿಯಲ್ಲಿ ಬರೆದು, ಅದನ್ನು ಬ್ಯಾಗಿನ ತಳಕ್ಕೆ ತಳ್ಳಿ, ದೀಕ್ಷಿತಾ ಬೆಳಗಿನ ಐದೂಮುಕ್ಕಾಲಿಗೆ ಮೆಲ್ಕಾರ್ ಜಂಕ್ಷನ್ನಿನಲ್ಲಿ ನಿಂತಿದ್ದಾಳೆ. ಮಂಗಳೂರಿನ ಮೀನು ಬಂದರಾದ ದಕ್ಕೆಯಿಂದ ಬಂದ ಪಿಕಪ್ಪಿನ ಹಿಂಬಾಗಿಲು ತೆರೆದಿದೆ. ಐಸಿನ ನೀರು ಹೆದ್ದಾರಿಯ ಅಂಚಿಗೆ ಹರಿಯುತ್ತಿದೆ. ಬಂಗುಡೆ, ಬೂತಾಯಿ ಮೀನಿನ ಪೆಟ್ಟಿಗೆಗಳನ್ನು ಸ್ಕೂಟರಿನ ಹಿಂದೆ ಬಿಗಿಯುವವರು ಆರು ಮಂದಿ. ಆರೂಕಾಲರ ಒಳಗೆ ಮಾತಾಡಿಸದಿದ್ದರೆ ಅವರು ಮತ್ತೆ ಕೈಗೆ ಸಿಗುವುದಿಲ್ಲ. ಅವಳು ಟ್ಯಾಬ್ ಹಿಡಿದು ಎರಡು ಹೆಜ್ಜೆ ಮುಂದೆ ಹೋಗುತ್ತಾಳೆ, ಒಂದು ಹೆಜ್ಜೆ ಹಿಂದೆ ಬರುತ್ತಾಳೆ.

ಅವರಲ್ಲೊಬ್ಬರಾದ ಶೀನಪ್ಪನವರೇ ಅವಳನ್ನು ಕರೆಯುತ್ತಾರೆ. “ಬಾ ಮಾರಾಯ್ತಿ, ನೀನು ಕೇಳುವುದಕ್ಕಿಂತ ಮೊದಲು ಮೀನು ಹಾಳಾಗ್ತದೆ.” ಅರುವತ್ತರ ಹತ್ತಿರದ ಈ ಮನುಷ್ಯ ದಿನವೂ ಚಾರ್ಮಾಡಿ ಘಾಟಿಯ ಬುಡದವರೆಗೆ ಮೀನು ಒಯ್ಯುತ್ತಾರೆ. “ನಾನು ಸಮುದ್ರ ನೋಡಿ ಎರಡು ವರ್ಷ ಆಯ್ತು. ಆದ್ರೂ ಬರಿ, ಸಮುದ್ರದ ಕೆಲಸ. ನಾಳೆ ಸಮುದ್ರವೇ ಬಂದು ಸಾಕ್ಷಿ ಹೇಳ್ತದೆ.”

ಸಮುದ್ರವನ್ನು ನಂಬಿ ಬದುಕುವವರು ಎಷ್ಟು ಮಂದಿ, ಅವರ ದುಡಿಮೆಯ ಬೆಲೆ ಎಷ್ಟು ಎಂದು ಲೆಕ್ಕ ಹಾಕುವ ಸಮೀಕ್ಷೆಯೊಂದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ನಡೆಯುತ್ತಿದೆ. ಅದರ ಎಣಿಕೆದಾರರಲ್ಲಿ ದೀಕ್ಷಿತಾ ಒಬ್ಬಳು. ವಯಸ್ಸು ಇಪ್ಪತ್ತಮೂರು, ಬಿ.ಕಾಂ. ಪದವಿ. ಒಂದು ಫಾರಂಗೆ ಇಪ್ಪತ್ತೆರಡು ರೂಪಾಯಿ. ದಿನಕ್ಕೆ ಹದಿನೈದು ಮನೆ ಆದರೆ ಹೆಚ್ಚು. ಪ್ರಶ್ನೆಗಳನ್ನು ತುಳುವಿನಲ್ಲಿ ಕೇಳುತ್ತಾಳೆ, ಉತ್ತರಗಳನ್ನು ಕನ್ನಡದಲ್ಲಿ ತುಂಬುತ್ತಾಳೆ. ಮೊದಲ ವಾರ ಬೆಳುವಾಯಿಯಲ್ಲಿ, ಗದ್ದೆ ಬದಿಯ ಮನೆಯೊಂದರ ಹಿರಿಯರು, “ಇಲ್ಲಿ ಎಂತ ಸಮುದ್ರ? ದಾರಿ ತಪ್ಪಿದ್ದಾ?” ಎಂದು ನಕ್ಕಿದ್ದರಂತೆ. ಅವಳು ಫಾರಂ ಮುಗಿಸಿ ಮುಂದಿನ ಮನೆಗೆ ಹೋಗಿದ್ದಳು. ಆ ದಿನದ ಡೈರಿಯಲ್ಲಿ ಉತ್ತರ ಒಂದೂವರೆ ಪುಟ ಇದೆ.

ಅವಳಿಗೆ ಕಷ್ಟವಾಗಿರುವುದು ಮಾತ್ರ ಸ್ವಂತ ವಾರ್ಡು. ಮೆಲ್ಕಾರಿನ ಹಿಂದಿನ ಗುಡ್ಡೆಯ ಮೇಲೆ ನಲವತ್ತನಾಲ್ಕು ಮನೆಗಳಿವೆ. ಸೋಮವಾರ ಸೋಮವಾರ ದಕ್ಕೆಯಿಂದ ಟೆಂಪೊ ಬಂದು ಹರಿದ ಬಲೆಗಳನ್ನು ರಾಶಿ ಹಾಕಿ ಹೋಗುತ್ತದೆ. ಹೆಂಗಸರು ಅವನ್ನು ಜಗಲಿಯ ಕಂಬಕ್ಕೆ ಕಟ್ಟಿ, ಬಲೆಯ ಹರಿದ ಕಣ್ಣುಗಳನ್ನು ಮರದ ಸೂಜಿಯಿಂದ ಹೆಣೆದು ಮುಚ್ಚುತ್ತಾರೆ. ಮಳೆಗಾಲದಲ್ಲಿ ಬೋಟುಗಳು ದಡ ಸೇರಿದ ಮೇಲೆ ಇಲ್ಲಿ ಕೆಲಸ ಇನ್ನೂ ಹೆಚ್ಚು. ನೈಲಾನ್ ದಾರ ಕೊಯ್ಯದಂತೆ ಎಲ್ಲರೂ ತೋರುಬೆರಳಿಗೆ ಪ್ಲಾಸ್ಟರ್ ಸುತ್ತಿಕೊಂಡಿರುತ್ತಾರೆ.

ಆದರೆ ನಿಮ್ಮ ಕೆಲಸ ಏನು ಎಂದು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ, “ಬೀಡಿ.”

ಬೀಡಿ ಕಟ್ಟುವುದನ್ನು ಬಿಟ್ಟು ಇಲ್ಲಿ ಹೆಚ್ಚಿನವರಿಗೆ ಮೂರು ನಾಲ್ಕು ವರ್ಷವಾಗಿದೆ. ಬೀಡಿ ಕಾರ್ಮಿಕರ ಸರಕಾರಿ ಕಾರ್ಡು ಮಾತ್ರ ಕಪಾಟಿನಲ್ಲಿ ಭದ್ರವಾಗಿದೆ. ಮಕ್ಕಳ ವಿದ್ಯಾರ್ಥಿವೇತನ ಬಂದದ್ದು ಆ ಕಾರ್ಡಿನಿಂದ. ಬೇರೆ ಕೆಲಸ ಅಂತ ಎಲ್ಲಿಯಾದರೂ ಬರೆಸಿದರೆ ಕಾರ್ಡು ಹೋಗುತ್ತದೆ ಎಂಬ ಹೆದರಿಕೆ ಗುಡ್ಡೆಯಿಡೀ ಇದೆ. ಹೆಸರುಗಳು ಯಾವ ಕಚೇರಿಗೂ ಹೋಗುವುದಿಲ್ಲ, ಹೋಗುವುದು ಸಂಖ್ಯೆ ಮಾತ್ರ ಎಂದು ದೀಕ್ಷಿತಾ ಮನೆಮನೆಯಲ್ಲೂ ಹೇಳಿದ್ದಾಳೆ. ಅವಳ ದನಿಯೇ ಸಣ್ಣದು. ನಂಬಿದವರು ಕಡಿಮೆ.

ಹಾಗಾಗಿ ಟ್ಯಾಬಿನಲ್ಲಿ ಈ ವಾರ್ಡಿನ ಕಡಲ ಕೆಲಸಗಾರರು ಆರು: ಇದೇ ವಾರ್ಡಿನಲ್ಲಿ ಮನೆಯಿರುವ ಆ ಸ್ಕೂಟರಿನವರು. ಡೈರಿಯಲ್ಲಿ ಬೇರೆ ಲೆಕ್ಕವಿದೆ. ಕಂಬಕ್ಕೆ ಬಲೆ ಕಟ್ಟಿದ ಜಗಲಿ ಇಪ್ಪತ್ತಮೂರು. ಕೆಳಗೆ ಹೀಗೆ ಬರೆದಿದ್ದಾಳೆ: ‘ಒಂದು ಬೋಟಿನ ಬಲೆ ಇಲ್ಲಿ ಹನ್ನೊಂದು ಜಗಲಿ ದಾಟಿ ವಾಪಸು ಹೋಗುತ್ತದೆ. ಬೋಟಿಗೆ ಲೆಕ್ಕ ಉಂಟು. ಮೀನಿಗೆ ಉಂಟು. ಜಗಲಿಗೆ ಇಲ್ಲ.’

ಕಡಲ ಕೆಲಸಗಾರರು ಇಪ್ಪತ್ತಕ್ಕಿಂತ ಕಡಿಮೆ ಇರುವ ವಾರ್ಡು ಸವಲತ್ತಿನ ಪಟ್ಟಿಯಿಂದ ಹೊರಗೆ. ಪಟ್ಟಿಯಲ್ಲಿದ್ದರೆ ಕಣ್ಣಿನ ತಪಾಸಣೆ, ಕನ್ನಡಕ, ಅಪಘಾತ ವಿಮೆ. ಗುಡ್ಡೆಯಲ್ಲೇ ಬಲೆ ಹೆಣೆಯುವ ರುಖಿಯಮ್ಮನಿಗೆ ಈಗಾಗಲೇ ಸೂಜಿಯ ತುದಿ ಎರಡೆರಡಾಗಿ ಕಾಣುತ್ತದೆ. ಆದರೂ ಬಲೆ ಕೆಲಸ ಅಂತ ಬರೆಸಲು ಅವರು ಒಪ್ಪಲಿಲ್ಲ. “ನಿನ್ನ ತಾಯಿಯದ್ದು ಎಂತ ಬರ್ದದ್ದು?” ಎಂದು ಕೇಳಿದರು. ದೀಕ್ಷಿತಾ ನೆಲ ನೋಡಿದಳು. “ಬೀಡಿ ಅಲ್ವಾ? ಮೊದಲು ನಿನ್ನ ಮನೆಯದ್ದು ಸರಿ ಬರಿ ಮಗಳೇ. ಮತ್ತೆ ನಮ್ಮದು ಕೇಳಿಕೊಂಡು ಬಾ. ಚಹಾ ಕುಡೀತಿಯಾ?”

ಅವಳ ತಾಯಿ ನೀಲಾವತಿ ಈ ಗುಡ್ಡೆಯಲ್ಲಿ ಎಲ್ಲರಿಗಿಂತ ಚುರುಕಾಗಿ ಹೆಣೆಯುವವರು. ಬೆಳಗ್ಗೆ ಎರಡು ಗಂಟೆ ಹೊತ್ತು, ಮಧ್ಯಾಹ್ನ ಮೂರು ಗಂಟೆ ಹೊತ್ತು, ನಾಲ್ಕು ವರ್ಷದಿಂದ. ಮಗಳು ಫಾರಂ ಹಿಡಿದು ಎದುರು ಕೂತಾಗ ಅವರೂ ಬೀಡಿ ಎಂದೇ ಹೇಳಿದರು, ಹೇಳುವಾಗ ಬಾಯಲ್ಲಿ ನೈಲಾನ್ ದಾರ ಕಚ್ಚಿಕೊಂಡಿದ್ದರು. ಆಮೇಲೆ ಮಗಳು ರುಖಿಯಮ್ಮನ ಮಾತನ್ನು ಹೇಳಿದಾಗ ಸೂಜಿ ಕೆಳಗಿಟ್ಟರು. “ನನ್ನ ಬಾಯಲ್ಲಿ ಬರುದಿಲ್ಲ. ನಿನ್ನ ಓದಿಗೆ ಬಂದ ಕಾರ್ಡು ಅದು. ನೀನು ಎಂತ ಬೇಕಾದ್ರೂ ಹೇಳು, ನಾನು ಇಲ್ಲ ಅಂತ ಹೇಳುದಿಲ್ಲ.”

ಶನಿವಾರ ಹತ್ತೂವರೆಗೆ ಮೇಲ್ವಿಚಾರಕ ಶಶಿಕಿರಣ ಮರುಪರಿಶೀಲನೆಗೆ ಗುಡ್ಡೆ ಹತ್ತಿ ಬರುತ್ತಾರೆ. ರುಖಿಯಮ್ಮನ ಜಗಲಿಯಲ್ಲಿ ಐದು ಮಂದಿ ಒಂದೇ ದೊಡ್ಡ ಬಲೆಯ ಸುತ್ತ ಕೂತಿದ್ದಾರೆ, ನೀಲಾವತಿಯೂ ಇದ್ದಾರೆ. ಶಶಿಕಿರಣರು ಕಾಲಿಗೆ ಬಲೆ ಸಿಕ್ಕಿಕೊಳ್ಳದಂತೆ ಜಾಗ ಹುಡುಕಿ ಕೂರುತ್ತಾರೆ.

“ನಿಮ್ಮ ಕೆಲಸ?”

“ಬೀಡಿ ಸರ್,” ಎನ್ನುತ್ತಾರೆ ರುಖಿಯಮ್ಮ.

“ಕೈಯಲ್ಲಿ ಇರುವುದೆಂತ ಹಾಗಾದ್ರೆ?”

“ಇದಾ? ಇದು ಸುಮ್ಮನೆ. ಹೊತ್ತು ಹೋಗ್ಲಿಕ್ಕೆ.”

“ಇಷ್ಟು ದೊಡ್ಡ ಹೊತ್ತಾ?”

ಪಕ್ಕದ ಸರಸ ಸೆರಗಿನಿಂದ ಬಾಯಿ ಮುಚ್ಚಿ ನಗುತ್ತಾರೆ. ಸರದಿ ಬಂದಾಗ ಅವರೂ ಬೀಡಿ ಎನ್ನುತ್ತಾರೆ. ಒಬ್ಬರಾದ ಮೇಲೆ ಒಬ್ಬರು ಅದನ್ನೇ ಹೇಳುತ್ತಾರೆ, ಸೂಜಿ ನಿಲ್ಲುವುದಿಲ್ಲ. ನೀಲಾವತಿ ಮಾತ್ರ ಬೀಡಿ ಎನ್ನುವುದಿಲ್ಲ. ಅವರು ತಲೆ ಎತ್ತದೆ ಒಂದು ಗಂಟು ಬಿಗಿಯುತ್ತಾರೆ, ಇನ್ನೊಂದಕ್ಕೆ ಹೋಗುತ್ತಾರೆ.

ಶಶಿಕಿರಣರು ಟ್ಯಾಬನ್ನು ಮೊಣಕಾಲ ಮೇಲಿಡುತ್ತಾರೆ. “ನೋಡಿ ಅಮ್ಮ, ನನ್ನ ಕಣ್ಣಿಗೆ ಕಂಡದ್ದನ್ನು ನಾನು ಬರೆಯುವ ಹಾಗಿಲ್ಲ. ನೀವು ಹೇಳ್ಬೇಕು. ಇಲ್ಲದಿದ್ದರೆ ನಿಮ್ಮ ಮನೆಯವರು ಯಾರಾದ್ರೂ ಹೇಳ್ಬೇಕು.” ಕಾಯುತ್ತಾರೆ. ಅವರು ದೀಕ್ಷಿತಾಳ ಕಡೆ ತಿರುಗುತ್ತಾರೆ. “ಆರೇ ಜನ ಅಂತ ಆಯ್ತು. ಮುಗಿಸಿ ಕಳಿಸುವ ಅಲ್ವಾ?”

ಈ ಕೆಲಸದಲ್ಲಿ ಮೂರು ತಿಂಗಳಿಂದ ಇದ್ದರೂ ಅವಳು ಮೇಲ್ವಿಚಾರಕರೊಂದಿಗೆ ‘ಆಯ್ತು ಸರ್’ ಎಂಬುದಕ್ಕಿಂತ ಉದ್ದದ ಮಾತು ಆಡಿದ್ದಿಲ್ಲ. ಈಗಲೂ ಅದೇ ಎರಡು ಪದ ಗಂಟಲ ತನಕ ಬಂದಿವೆ. ರುಖಿಯಮ್ಮನ ಸೂಜಿ ಅರ್ಧದಲ್ಲಿ ನಿಂತಿದೆ. ಅವರು ನೋಡುತ್ತಿರುವುದು ಶಶಿಕಿರಣರನ್ನಲ್ಲ.

“ಇಲ್ಲ ಸರ್,” ಎನ್ನುತ್ತಾಳೆ ದೀಕ್ಷಿತಾ. ತನ್ನ ದನಿ ಅಂಗಳದ ಆಚೆಗೂ ಕೇಳಿಸಿತೇನೋ ಎಂದು ಅವಳಿಗೇ ಅನಿಸುತ್ತದೆ. ಆದರೂ ತಗ್ಗಿಸುವುದಿಲ್ಲ. “ಇಪ್ಪತ್ತೇಳನೇ ಫಾರಂ ನನ್ನ ಮನೆಯದ್ದು. ಅದರಲ್ಲಿ ತಪ್ಪು ಬರ್ದಿದ್ದೇನೆ. ನನ್ನ ಅಮ್ಮ ಬಲೆ ಕೆಲಸ ಮಾಡುವವರು.”