ಅಟ್ಟದ ಮೇಲಿನ ವರದಾ ಸೇತುವೆ

ಲವಂಗದ ಡಬ್ಬಿಯ ಮುಚ್ಚಳ ತೆಗೆದರೆ ಇಂದಿಗೂ ನನಗೆ ಅಡುಗೆ ನೆನಪಾಗುವುದಿಲ್ಲ. ಬ್ಯಾಡಗಿಯ ನಮ್ಮ ಹಳೆಯ ಮನೆಯ ಅಟ್ಟ ನೆನಪಾಗುತ್ತದೆ. ಮೂಲೆಯಲ್ಲಿ ಮೆಣಸಿನಕಾಯಿಯ ಖಾಲಿ ಚೀಲಗಳು, ಹೆಂಚಿನ ಸಂದಿಯಿಂದ ಇಳಿದ ಬಿಸಿಲಕೋಲು, ಅದರೊಳಗೆ ತೇಲುವ ಕೆಂಪು ಧೂಳು. ಹಲಗೆಗೆ ಕೆನ್ನೆಯಾನಿಸಿ, ಒಂದು ಕಣ್ಣು ಮುಚ್ಚಿ ಆಟಿಕೆಯ ರೈಲನ್ನು ನೋಡುತ್ತ ಮಲಗಿದ ಶಾಂತತ್ತಿ. ಅವಳು ನಮ್ಮಪ್ಪನ ತಂಗಿ. ಹುಬ್ಬಳ್ಳಿಯ ಗಂಡನ ಮನೆ ಬಿಟ್ಟು ಒಂದು ಮಧ್ಯಾಹ್ನ ಒಬ್ಬಳೇ ರೈಲು ಹತ್ತಿ ಬಂದವಳು. ಯಾಕೆ ಬಂದಳೆಂದು ನಮಗೆ ಮಕ್ಕಳಿಗೆ ಯಾರೂ ಹೇಳಲಿಲ್ಲ. ಅಂದಿನಿಂದ ಅಜ್ಜ ಅವಳೊಡನೆ ನೇರವಾಗಿ ಮಾತಾಡುತ್ತಿರಲಿಲ್ಲ. ಎದುರಿಗೇ ಇದ್ದರೂ ‘ಊಟಕ್ಕ ಬಾ ಅನ್ನು ಆಕಿಗೆ’ ಎಂದು ನನ್ನ ಬಾಯಿಂದ ಹೇಳಿಸುತ್ತಿದ್ದ. ಅತ್ತಿ ಕುಬಸ ಹೊಲಿಯುತ್ತ ಸುಮ್ಮನೆ ದಿನ ನೂಕುತ್ತಿದ್ದಳು.

ಮುಂಬೈಯ ಸೋದರಮಾವ ನನಗೆಂದು ತಂದ ರೈಲು ನನಗಿಂತ ಹೆಚ್ಚಾಗಿ ಅವಳ ಮನಸ್ಸು ಹಿಡಿಯಿತು. ಅದಕ್ಕೊಂದು ಸೇತುವೆ ಬೇಕೆಂದು ರಟ್ಟಿನಲ್ಲಿ ದಪ್ಪ ಕಂಬಗಳನ್ನು ಕಟ್ಟಿದಳು. ಅವ್ವ ನೋಡಿ ನಕ್ಕಳು: ‘ಇದರ ಮ್ಯಾಲ ಆನಿ ಹೋಗಬೇಕು ನೋಡ ಶಾಂತಾ, ಗಾಡಿ ಅಲ್ಲ.’ ಅತ್ತಿ ನಗಲಿಲ್ಲ. ಅಡುಗೆಮನೆಯಿಂದ ಒಂದು ಲವಂಗ ತಂದು ರೈಲಿನ ಬಾಗಿಲಲ್ಲಿ ನಿಲ್ಲಿಸಿದಳು. ದುಂಡು ತಲೆಯ ಪುಟ್ಟ ಪ್ರಯಾಣಿಕ ಬಾಗಿಲಿನ ಎತ್ತರಕ್ಕೆ ಸರಿಯಾಗಿ ಹೊಂದಿದ. ‘ಇಂವ ನಮ್ಮ ಮನಷ್ಯಾ. ಇನ್ನ ಎಲ್ಲಾ ಇವನ ಅಳತಿಗೇ ಆಗಬೇಕು’ ಎಂದಳು. ಆ ಬೇಸಿಗೆಯಲ್ಲಿ ಹಾವೇರಿಯಾಚೆಗಿನ ವರದಾ ನದಿಯ ರೈಲು ಸೇತುವೆಗೆ ನನ್ನನ್ನು ಕರೆದೊಯ್ದಳು. ನೀರು ಇಳಿದು ಮರಳು ಕಾದಿತ್ತು. ನನ್ನನ್ನು ಕಂಬದ ಬುಡದಲ್ಲಿ ನಿಲ್ಲಿಸಿ, ತಾನು ದೂರ ಸರಿದು, ಹೊಲಿಗೆಯ ಟೇಪನ್ನು ಕಣ್ಣೆದುರು ಹಿಡಿದು, ಆ ಕಂಬ ನನ್ನಂಥ ಎಷ್ಟು ಹುಡುಗಿಯರ ಎತ್ತರವೆಂದು ಲೆಕ್ಕ ಹಾಕಿದಳು. ‘ಅಲ್ಲಾಡಬ್ಯಾಡ ಯವ್ವಾ! ನೀ ಇನ್ನೂ ಮುಕ್ಕಾಲು ಲವಂಗ ಅದಿ!’ ಎಂದು ಅವಳು ನಗುತ್ತ ಕೂಗಿದ್ದು ಸೇತುವೆಯಡಿಯಿಂದ ಮರುದನಿಯಾಗಿ ಬಂತು. ಅವಳು ನಕ್ಕದ್ದನ್ನು ನಾನು ಮೊದಲು ಕೇಳಿದ್ದು ಅಲ್ಲೇ.

ಮನೆಗೆ ಬಂದು, ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಮಾಡುವ ಹಾಗೆ, ಹಳೆಯ ಪೇಪರಿನ ಮೇಲೆ ಸೇತುವೆಯನ್ನು ಗೀರಿದಳು. ಅಟ್ಟ ಸಾಲಲಿಲ್ಲ. ಅಷ್ಟೂ ಸೇತುವೆ ಕೂಡಿಸಬೇಕೆಂದರೆ ಗೋಡೆಯನ್ನೇ ಒಡೆಯಬೇಕಿತ್ತು. ಕಂಬ ಕಂಬದ ನಡುವಿನ ಅಂತರವನ್ನು ಕುಗ್ಗಿಸಿದರಾಯಿತಲ್ಲ ಎಂದೆ. ‘ಬ್ಯಾಡ. ನಾಕ ಕಂಬ ಕಡಿಮಿ ಆಗಲಿ. ಇದ್ದಷ್ಟು ಖರೇ ಇರಬೇಕು’ ಎಂದಳು. ಸುಗ್ಗಿ ಬಂದಾಗ ಸೇತುವೆ ಮುಗಿಯುತ್ತ ಬಂದಿತ್ತು. ಚೀಲ ಇಳಿಸಲೆಂದು ಅಜ್ಜ ಅಟ್ಟ ಹತ್ತಿದ. ಎಲ್ಲ ತೆಗೆಸಿಬಿಡುತ್ತಾನೆಂದು ನಾನು ಅಂದುಕೊಂಡೆ. ಅಜ್ಜ ಮೆಲ್ಲಗೆ ಕೂತು, ಬಗ್ಗಿ, ಬಹಳ ಹೊತ್ತು ನೋಡಿದ.

‘ಬದಿಗೆ ಕಟ್ಟಿ ಎಲ್ಲಿ ಅದಾವು?’ ಎಂದ. ‘ಗಾಡಿ ಬಂದರ ಸರದು ನಿಲ್ಲಾಕ ಸಣ್ಣ ಕಟ್ಟಿ ಇರತಾವ. ಹರೇದಾಗ ಆ ಸೇತುವಿ ಮ್ಯಾಲ ನಡಕೋಂತ ಹೊಂಟಿದ್ದೆ, ಹಿಂದಿಂದ ಗಾಡಿ ಬಂತು. ಕಟ್ಟಿ ಮ್ಯಾಲ ನಿಂತು ಉಳದೆ. ಕಾಲ ಕೆಳಗಿನ ಸೇತುವಿ ಎಲ್ಲಾ ನಡಗಾಕತ್ತಿತ್ತು.’

‘ಅಂಜಿಕಿ ಬಂದಿತ್ತೇನಪ್ಪಾ?’ ಎಂದಳು ಅತ್ತಿ.

‘ಬಂದಿತ್ತವಾ,’ ಅಜ್ಜ ಅವಳ ಮುಖ ನೋಡಿದ. ‘ನೀ ಒಬ್ಬಾಕಿನ ಬಂದು ಬಾಗಲಾಗ ನಿಂತ ದಿನಾನೂ ಹಂಗ ಆಗಿತ್ತು.’

ಅತ್ತಿ ಕಟ್ಟೆಗಳಿಗೆಂದು ರಟ್ಟು ಕತ್ತರಿಸಿದಳು, ಅಜ್ಜ ಅಂಟು ಹಚ್ಚಿದ. ಅಂಟು ಗೆರೆ ದಾಟಿದಾಗ ಅವಳು ಅವನ ಮಣಿಕಟ್ಟು ಹಿಡಿದುಕೊಂಡಳು. ಆಮೇಲೆ ಅವರಿಬ್ಬರ ನಡುವೆ ಮಾತು ದಾಟಿಸುವ ಕೆಲಸ ನನಗೆ ಉಳಿಯಲಿಲ್ಲ.

ಮುಂದೆ ಅಜ್ಜ ತೀರಿಹೋದ. ಅತ್ತಿ ರಾಣೇಬೆನ್ನೂರಿನಲ್ಲಿ ಹೊಲಿಗೆಯ ಅಂಗಡಿ ಹಾಕಿ, ಬಹಳ ವರ್ಷ ತನ್ನ ಪಾಡಿಗೆ ತಾನು ಚೆನ್ನಾಗಿ ಬಾಳಿ, ಈಚೆಗೆ ಅವಳೂ ಹೋದಳು. ಸೇತುವೆಯನ್ನು ಗೆದ್ದಲು ತಿಂದವು. ಮನೆಯಿದ್ದಲ್ಲಿ ಗೋದಾಮು ಎದ್ದಿದೆ. ರೈಲಿನಲ್ಲಿ ಹುಬ್ಬಳ್ಳಿಗೆ ಹೋಗುವಾಗ ವರದೆ ಬಂತೆಂದರೆ ನಾನು ಆಡುತ್ತಿದ್ದ ಮಾತು ನಿಲ್ಲಿಸಿ ಕಿಟಕಿಗೆ ಮುಖವಿಡುತ್ತೇನೆ. ಯಾಕೆ, ಏನಾಯಿತೆಂದು ಎದುರು ಕೂತವರು ಕೇಳುವಷ್ಟರಲ್ಲಿ ಗಾಡಿ ನದಿ ದಾಟಿಬಿಟ್ಟಿರುತ್ತದೆ.